ನ್ಯೂಟ್ರಲ್‌ನಲ್ಲಿ ಘಾಟ್ ಇಳಿದರೆ ಪೆಟ್ರೋಲ್ ಉಳಿಯುತ್ತದೆಯೇ?

ಹೇಳಿಕೆ: ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿದರೆ ಇಂಧನ ಉಳಿಯುತ್ತದೆ.

ವಾಸ್ತವ: ಕಾರ್ಬುರೇಟರ್ ಕಾಲದಲ್ಲಿ ಇದರಲ್ಲಿ ಸ್ವಲ್ಪ ಸತ್ಯವಿತ್ತು. ಫ್ಯೂಯೆಲ್ ಇಂಜೆಕ್ಷನ್ ಗಾಡಿಗಳಲ್ಲಿ ಘಾಟ್ ಇಳಿಯುವಾಗ ಇದು ತಪ್ಪು. ಅಪಾಯ ಮಾತ್ರ ಎರಡರಲ್ಲೂ ಇದೆ.

ಬಂಗಾರಪೇಟೆ, ಕೆಜಿಎಫ್ ಕಡೆಯವರು ವಿ.ಕೋಟ, ಪಲಮನೇರು ಮಾರ್ಗವಾಗಿ ತಿರುಪತಿಗೆ ಹೋಗುವಾಗ ಮೊಗಿಲಿ ಘಾಟ್ ಇಳಿಯಬೇಕು. ಅಪಘಾತಗಳಿಗೆ ಹೆಸರಾದ ಇಳಿಜಾರು ಅದು. ಹಾಗಾಗಿ ಈ ಸಲಹೆಯನ್ನು ಇನ್ನೊಬ್ಬರಿಗೆ ಕಳಿಸುವ ಮುನ್ನ ಎಂಜಿನ್ ಒಳಗೆ ಏನಾಗುತ್ತದೆ ಎಂದು ನೋಡೋಣ.

ಹಳೆಯ ಕಾರುಗಳಲ್ಲಿ ಏನಾಗುತ್ತಿತ್ತು?

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, 1980ರ ದಶಕದ ಮಾರುತಿ 800 ಪೆಟ್ರೋಲ್ ಕಾರುಗಳಲ್ಲಿ ಇದ್ದದ್ದು ಕಾರ್ಬುರೇಟರ್. ಎಂಜಿನ್ ಎಳೆದುಕೊಳ್ಳುವ ಗಾಳಿ ಕಿರಿದಾದ ದಾರಿಯಲ್ಲಿ ಹಾಯುವಾಗ ಅಲ್ಲಿ ಒತ್ತಡ ಇಳಿಯುತ್ತದೆ. ಜೆಟ್ ಎಂಬ ಸಣ್ಣ ರಂಧ್ರದಿಂದ ಪೆಟ್ರೋಲ್ ಹೊರಬಂದು ಗಾಳಿಯೊಂದಿಗೆ ಬೆರೆಯುತ್ತದೆ. ಆ್ಯಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಐಡಲ್ ಜೆಟ್‌ನಿಂದ ಪೆಟ್ರೋಲ್ ಬರುತ್ತಲೇ ಇರುತ್ತದೆ. ಗೇರ್‌ನಲ್ಲಿ ಇಳಿಯುವಾಗ ಎಂಜಿನ್ ವೇಗವಾಗಿ ತಿರುಗುವುದರಿಂದ ನ್ಯೂಟ್ರಲ್‌ಗಿಂತ ಹೆಚ್ಚು ಖರ್ಚಾಗಬಹುದು. ಹಳೆಯ ಚಾಲಕರ ಅಭ್ಯಾಸ ಹುಟ್ಟಿದ್ದು ಹೀಗೆ.

ಈಗ ಏನು ಬದಲಾಗಿದೆ?

ಇಂಜೆಕ್ಷನ್ ಕಾರಿನಲ್ಲಿ ಎಷ್ಟು ಪೆಟ್ರೋಲ್ ಸಿಂಪಡಿಸಬೇಕೆಂದು ಕಂಪ್ಯೂಟರ್ ನಿರ್ಧರಿಸುತ್ತದೆ. ಗೇರ್‌ನಲ್ಲಿದ್ದು ಆ್ಯಕ್ಸಿಲರೇಟರ್ ಬಿಟ್ಟರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಆಗ ಕಂಪ್ಯೂಟರ್ ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆಫ್ ಆಗದಂತೆ ಮತ್ತೆ ಇಂಧನ ಕೊಡಲೇಬೇಕು. ಸಣ್ಣ ಕಾರು ಐಡಲ್‌ನಲ್ಲಿ ಗಂಟೆಗೆ ಸುಮಾರು ಅರ್ಧದಿಂದ ಒಂದು ಲೀಟರ್ ಕುಡಿಯುತ್ತದೆ.

ತೀರಾ ಕಡಿಮೆ ಇಳಿಜಾರಿನಲ್ಲಿ ನ್ಯೂಟ್ರಲ್ ಗಾಡಿ ಸ್ವಲ್ಪ ಹೆಚ್ಚು ದೂರ ಉರುಳುವುದು ನಿಜ. ಆದರೆ ಬ್ರೇಕ್ ಒತ್ತಬೇಕಾದಷ್ಟು ಇಳಿಜಾರಿದ್ದರೆ ಆ ಲಾಭ ಇಲ್ಲ.

ಲಾರಿಗಳ ಕಥೆ ಏನು?

ಡೀಸೆಲ್ ಲಾರಿಗೆ ಕಾರ್ಬುರೇಟರ್ ಇರುವುದೇ ಇಲ್ಲ. ಕಂಪ್ಯೂಟರ್ ಬರುವ ಮೊದಲೂ ಅದರಲ್ಲಿದ್ದದ್ದು ಇಂಜೆಕ್ಷನ್ ಪಂಪ್. 1951ರಲ್ಲಿ ಆರಂಭವಾದ ಬೆಂಗಳೂರಿನ ಮೈಕೋ ಕಂಪನಿ ಹೆಸರು ಮಾಡಿದ್ದೇ ಇಂಥ ಪಂಪ್‌ಗಳಿಂದ. ಗೇರ್‌ನಲ್ಲಿ ಇಳಿಯುವಾಗ ಕಾಲು ತೆಗೆದರೆ ಪಂಪಿನ ಗವರ್ನರ್ ಡೀಸೆಲ್ ನಿಲ್ಲಿಸುತ್ತದೆ. ಅಂದರೆ ಹಳೆಯ ಲಾರಿಗೂ ಈ ಸಲಹೆ ಹೊಂದುವುದಿಲ್ಲ.

ಅಪಾಯ ಎಲ್ಲಿದೆ?

ಗೇರ್‌ನಲ್ಲಿದ್ದಾಗ ಎಂಜಿನ್ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಇಡೀ ಭಾರ ಬ್ರೇಕಿನ ಮೇಲೆ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಇದ್ದರೆ ಅದು ವಿಪರೀತ ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಎಂಜಿನ್ ಆಫ್ ಮಾಡುವುದು ಇನ್ನೂ ಅಪಾಯ: ಕೆಲವು ಸಲ ಒತ್ತಿದ ಮೇಲೆ ಕಾರಿನ ಬ್ರೇಕ್ ಪೆಡಲ್ ಗಟ್ಟಿಯಾಗುತ್ತದೆ, ಪವರ್ ಸ್ಟೇರಿಂಗ್ ಭಾರವಾಗುತ್ತದೆ. ಲಾರಿಯ ಏರ್ ಬ್ರೇಕ್‌ಗೆ ಗಾಳಿ ತುಂಬುವ ಕಂಪ್ರೆಸರ್ ಸಹ ನಿಲ್ಲುತ್ತದೆ.

ಏನು ಮಾಡಬೇಕು?

• ಘಾಟ್ ಶುರುವಾಗುವ ಮೊದಲೇ ವೇಗ ತಗ್ಗಿಸಿ, ಕೆಳಗಿನ ಗೇರ್‌ಗೆ ಹಾಕಿ.
• ಆ್ಯಕ್ಸಿಲರೇಟರ್ ಬಿಟ್ಟು ಇಳಿಯಿರಿ. ಬೇಕಾದಾಗ ಮಾತ್ರ ಬ್ರೇಕ್ ಒತ್ತಿ.
• ಬ್ರೇಕ್ ಸುಟ್ಟ ವಾಸನೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಆರಲು ಬಿಡಿ.

10 ನಿಮಿಷದ ಇಳಿಜಾರಿನಲ್ಲಿ ಐಡಲ್ ಎಂಜಿನ್ ಕುಡಿಯುವುದೇ 100–150 ಮಿಲಿಲೀಟರ್ ಆಸುಪಾಸು. ಹಳೆಯ ಕಾರಿನಲ್ಲೂ ಉಳಿಯಬಹುದಾದದ್ದು ಕೆಲವೇ ರೂಪಾಯಿ. ಅಷ್ಟಕ್ಕಾಗಿ ಬ್ರೇಕ್ ಕಳೆದುಕೊಳ್ಳಬೇಡಿ ಎಂಬುದು ನಮ್ಮ ಸಲಹೆ. ನ್ಯೂಟ್ರಲ್ ಸಲಹೆಯ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ, ಕಳಿಸಿದವರಿಗೆ ಇದನ್ನೂ ಕಳಿಸಿ.