ಬಿಟಿಎಸ್ ನಿಂತರೆ ಆಫೀಸು ಬಿಟ್ಟಂತೆ

ಬೆಂಗಳೂರಿನ ಮೈಸೂರು ಬ್ಯಾಂಕ್ ವೃತ್ತದ ಗಲಾಟೆಗಳ ಚರಿತ್ರೆ ಬರೆಯುವವರು ಮುಷ್ಕರ, ಗೋಲಿಬಾರು, ಕರ್ಫ್ಯೂಗಳಿಂದ ಶುರು ಮಾಡುತ್ತಾರೆ. ಕೆಂಪೇಗೌಡ ರಸ್ತೆಯ ಆಫೀಸಿಗೆ ಗುಮಾಸ್ತನಾಗಿ ಸೇರಿ ಅಲ್ಲೇ ನಿವೃತ್ತನಾದ ನಾನು ಬಸ್ಸಿನಿಂದ ಶುರು ಮಾಡುತ್ತೇನೆ. ಊರಲ್ಲಿ ಏನೇ ಆಗಲಿ, ಮೊದಲ ಕಲ್ಲು ಬೀಳುತ್ತಿದ್ದದ್ದು ನಗರ ಸಾರಿಗೆಯ ಬಿಟಿಎಸ್ ಬಸ್ಸಿನ ಗಾಜಿಗೆ. ಸರ್ಕಾರದ್ದು, ಕೈಗೆ ಸಿಗುವಂಥದ್ದು. ಹಾಗಾಗಿ ಬಸ್ಸುಗಳು ಡಿಪೋ ಸೇರುತ್ತಿದ್ದವು. ಸೇರಿದವೆಂದರೆ ಆಫೀಸು ಬಿಟ್ಟ ಹಾಗೆ. ನಮ್ಮ ಸೂಪರಿಂಟೆಂಡೆಂಟರು ಪೊಲೀಸರಿಗೆ ಫೋನು ಮಾಡಿದ್ದನ್ನು ನಾನು ಕಾಣೆ. ಜವಾನನನ್ನು ಮಹಡಿಯ ಕಿಟಕಿಗೆ ಕಳಿಸುತ್ತಿದ್ದರು. "ಸಾರ್, ಜಯನಗರದ ಗಾಡಿ ಬಂದು ಬಹಳ ಹೊತ್ತಾಯ್ತು" ಎಂದು ಅವನು ಅಂದರೆ ಸಾಕು, ಟಿಫನ್ ಡಬ್ಬಿಗಳು ಚೀಲ ಸೇರುತ್ತಿದ್ದವು.

ಈ ವೃತ್ತದ ಜಾಗವೇ ಹಾಗೆ. ಒಂದು ಕಡೆ ಮೆಜೆಸ್ಟಿಕ್, ಇನ್ನೊಂದು ಕಡೆ ಅವೆನ್ಯೂ ರಸ್ತೆ, ಹತ್ತಿರದಲ್ಲೇ ಕೋರ್ಟು, ಸೆಂಟ್ರಲ್ ಕಾಲೇಜು. ರೈಲಿಳಿದು ವಿಧಾನಸೌಧಕ್ಕೆ ಹೊರಟ ಮೆರವಣಿಗೆಯನ್ನು ಪೊಲೀಸರು ಅಡ್ಡಹಾಕಲು ಅನುಕೂಲವಾದ ಎಡೆ. ವಿಧಾನಸೌಧ ಕಟ್ಟುವ ಮುಂಚೆಯೂ ಇಲ್ಲಿ ಜನ ಸೇರುತ್ತಿದ್ದರು. 1942ರ ಕ್ವಿಟ್ ಇಂಡಿಯಾ ಹುತಾತ್ಮರ ಸ್ಮಾರಕ ಅಲ್ಲೇ ಇದೆ. ಅದೇ ರಸ್ತೆಯಲ್ಲಿ ಕಾವೇರಿ ಭವನ. ಕಾವೇರಿಗಾಗಿ ಕೂಗುವವರು ಅದರ ಮುಂದೆಯೇ ಕೂಗಿ ಹೋಗುತ್ತಿದ್ದರು, ಒಳಗೆ ಜಲಮಂಡಳಿಯ ಜೊತೆ ಕರೆಂಟಿನವರ ಆಫೀಸೂ ಇತ್ತು.

ಕನ್ನಡಕ್ಕೆ ಅಗ್ರಸ್ಥಾನ ಕೇಳಿದ 1982ರ ಗೋಕಾಕ್ ಚಳವಳಿ ನಮಗೆ ಹೆದರಿಕೆ ತರಲಿಲ್ಲ. ನಟ ರಾಜಕುಮಾರ್ ಬೀದಿಗಿಳಿದ ಮೇಲಂತೂ ಅರ್ಧ ಆಫೀಸು ಮೆರವಣಿಗೆಯಲ್ಲಿತ್ತು, ಉಳಿದರ್ಧ ಕಿಟಕಿಯಲ್ಲಿ.

1991 ಬೇರೆ. ಜೂನಿನಲ್ಲಿ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಿತ್ತು. ಬಂಗಾರಪ್ಪನವರ ಸರ್ಕಾರ ಅದರ ವಿರುದ್ಧ ಸುಗ್ರೀವಾಜ್ಞೆ ತಂದಿತು, ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಡಿಸೆಂಬರಿನಲ್ಲಿ ಆದೇಶ ಕೇಂದ್ರದ ಗೆಜೆಟ್ಟಿನಲ್ಲಿ ಬಂದದ್ದೇ ತಡ, 12, 13ನೇ ತಾರೀಕು ಬೆಂಗಳೂರು ಹೊತ್ತಿಕೊಂಡಿತು. ನಮ್ಮ ಅಕೌಂಟ್ಸ್ ವಿಭಾಗಕ್ಕೆ ಶ್ರೀರಾಂಪುರದಿಂದ ಬರುತ್ತಿದ್ದ ಒಬ್ಬರದು ತಮಿಳು ಮನೆಮಾತು. ಬಸ್ಸಿಲ್ಲ, ಅವರನ್ನು ನಡುವೆ ಇಟ್ಟುಕೊಂಡು ನಾವು ಮೂವರು ನಡೆದೆವು. "ದಾರೀಲಿ ಯಾರಾದ್ರೂ ಕೇಳಿದ್ರೆ ನಾವು ಮಾತಾಡ್ತೀವಿ, ನೀವು ಸುಮ್ನಿರಿ" ಅಂದೆ. "ಯಾಕ್ರೀ? ನಿಮ್ಮ ಕನ್ನಡ ಡ್ರಾಫ್ಟು ತಿದ್ದೋನು ನಾನು" ಎಂದು ರೇಗಿದರು. ಆದರೂ ಓಕಳಿಪುರ ದಾಟುವವರೆಗೆ ಬಾಯಿ ಬಿಡಲಿಲ್ಲ. ಆ ಗಲಭೆಯನ್ನು 'ಕನ್ನಡಿಗರ ಸ್ವಾಭಿಮಾನ' ಎನ್ನುವವರೊಡನೆ ನಾನು ವಾದಕ್ಕಿಳಿಯುವುದಿಲ್ಲ, ಎದ್ದು ಹೋಗುತ್ತೇನೆ.

2016ರ ಸೆಪ್ಟೆಂಬರ್ 12, ಸೋಮವಾರ. ತಮಿಳುನಾಡಿಗೆ 15,000 ಕ್ಯುಸೆಕ್ ಕಾವೇರಿ ನೀರು ಬಿಡಿ ಎಂದಿದ್ದ ಸುಪ್ರೀಂ ಕೋರ್ಟು ಅದನ್ನು 12,000ಕ್ಕೆ ಇಳಿಸಿ, ದಿನಗಳನ್ನು ಹೆಚ್ಚಿಸಿತು. ಅಷ್ಟರಲ್ಲಿ ಕಿಟಕಿಯ ಜವಾನನ ಕೆಲಸ ಹೋಗಿತ್ತು; ಎಲ್ಲರ ಮೊಬೈಲಿನಲ್ಲೂ ಉರಿಯುವ ಬಸ್ಸಿನ ವಿಡಿಯೋ. ಹಿಂದೆ ಒಂದೊಂದು ಮಾರ್ಗ ನಿಂತಂತೆ ಒಂದೊಂದು ಬಡಾವಣೆಯವರು ಹೊರಡುತ್ತಿದ್ದರು. ಈ ಸಲ ಊರಿಗೆ ಊರೇ ಒಟ್ಟಿಗೆ ಹೊರಟು, ಬೈಕು ಕಾರುಗಳು ರಸ್ತೆಯಲ್ಲೇ ಸಿಕ್ಕಿಕೊಂಡವು. ಮೆಟ್ರೋ ಕೂಡ ನಿಂತಿತು. 16 ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ.

ಈಗ ಪ್ರತಿಭಟನೆಗಳಿಗೆ ಹಳೆಯ ಸೆಂಟ್ರಲ್ ಜೈಲಿನ ಜಾಗದ ಫ್ರೀಡಂ ಪಾರ್ಕನ್ನು ಗೊತ್ತುಮಾಡಿದ್ದಾರೆ. ಆದರೆ ನಮ್ಮ ಆಫೀಸಿನಲ್ಲಿ ಕೊನೆಯವರೆಗೂ ತೀರ್ಮಾನವಾಗದ ಗಲಾಟೆ ಬೇರೆಯದೇ: ಮಧ್ಯಾಹ್ನ ಎದ್ದುಹೋದವರಿಗೆ ಅರ್ಧ ದಿನದ ಸಿಎಲ್ ರಜೆ ಹಾಕಬೇಕೋ ಬೇಡವೋ. ಬೆಳಿಗ್ಗೆ ಬರಲೇ ಆಗದವರು ಪೂರ್ತಿ ದಿನ ಬರೆಸಿಕೊಂಡಿದ್ದರು. ನಾವು ಬಂದು, ಕೆಲಸ ಮಾಡಿ, ನಡೆದು ಮನೆ ಸೇರಿ, ಮೇಲೆ ಅರ್ಧ ದಿನ ಕಳೆದುಕೊಳ್ಳುವುದು ಯಾವ ನ್ಯಾಯ?