ಗೋಳದ ಮೇಲೊಂದು ದಾರ

ಶಾಲೆಯ ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಅಮೆರಿಕ ಎಡಗಡೆಗಿದೆ. ಕೋಲು ಹಿಡಿದು ಅರಬ್ಬೀ ಸಮುದ್ರ ದಾಟಿಸಿ, ಯುರೋಪಿನ ಮೇಲೆ ಹಾಯಿಸಿ, ಮಕ್ಕಳನ್ನು ಅಲ್ಲಿಗೆ ಮುಟ್ಟಿಸುವುದು ನನಗೆ ಎಷ್ಟೋ ವರ್ಷದ ರೂಢಿ. ಅದಕ್ಕಿಂತ ಹತ್ತಿರದ ದಾರಿಯೊಂದಿದೆ ಎಂದು ನನ್ನ ತಲೆಗೆ ಹೋದದ್ದು 2021ರ ಜನವರಿಯಲ್ಲಿ, ಪತ್ರಿಕೆಯಲ್ಲಿ ನಾಲ್ಕು ಹೆಣ್ಣುಮಕ್ಕಳ ಚಿತ್ರ ಕಂಡಾಗ.

ಜೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್. ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಏರ್ ಇಂಡಿಯಾದ ಬೋಯಿಂಗ್ 777 ಹಾರಿಸಿಕೊಂಡು, ಎಲ್ಲೂ ಇಳಿಯದೆ, 11ರ ನಸುಕಿಗೆ ಬೆಂಗಳೂರು ಮುಟ್ಟಿದರು. ನೇರ ದೂರ 13,993 ಕಿಲೋಮೀಟರ್. ಸುಮಾರು 17 ಗಂಟೆ. ಬಂದದ್ದು ಉತ್ತರ ಧ್ರುವದ ಮೇಲಿಂದ.

ಧ್ರುವ ಯಾಕೆ? ಶಾಲೆಯ ಬೀರುವಿನಿಂದ ಗೋಳ ಇಳಿಸಿ ಎರಡೂ ಊರಿಗೆ ದಾರ ಹಿಡಿದು ಬಿಗಿಯಾಗಿ ಎಳೆದೆ. ದಾರ ಯುರೋಪಿನ ಮೇಲೆ ನಿಲ್ಲಲೇ ಇಲ್ಲ. ಜಾರಿ ಹೋಗಿ ಗೋಳದ ನೆತ್ತಿಯ ಮೊಳೆಯ ಪಕ್ಕ ಕೂತಿತು. ಎರಡೂರಿನ ನಡುವೆ ರೇಖಾಂಶದಲ್ಲಿ 160 ಡಿಗ್ರಿ ಅಂತರ. ಹೆಚ್ಚುಕಡಿಮೆ ಭೂಮಿಯ ಆಚೆ ಮಗ್ಗುಲು. ಸುತ್ತಿ ಹೋಗುವುದಕ್ಕಿಂತ ನೆತ್ತಿ ಹತ್ತಿ ಇಳಿಯುವುದೇ ಹತ್ತಿರ. ಆದರೆ ಅಲ್ಲಿ ದಿಕ್ಸೂಚಿಯನ್ನು ನಂಬುವಂತಿಲ್ಲ, ಚಳಿಗೆ ಇಂಧನ ಹೆಪ್ಪುಗಟ್ಟದಂತೆ ಕಣ್ಣಿಟ್ಟಿರಬೇಕು, ತುರ್ತಿಗೆ ಇಳಿಯಲು ನಿಲ್ದಾಣಗಳೂ ವಿರಳ.

ಹಿಂದೆ ವಿಮಾನಗಳು ನಮ್ಮ ಬಸ್ಸಿನಂತೆ ನಿಂತು ನಿಂತು ಹೋಗುತ್ತಿದ್ದವು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ತುಂಬಿದ ಪುಟ್ಟ ವಿಮಾನವನ್ನು ಅಹಮದಾಬಾದಿನಲ್ಲಿ ಇಳಿಸಿ ಮುಂಬಯಿಗೆ ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಮದ್ರಾಸಿಗೆ ಒಯ್ದರು. ನಡುವೆ ರಾತ್ರಿ ತಂಗಿದ್ದು ನಮ್ಮ ಬಳ್ಳಾರಿಯಲ್ಲಿ! 1948ರಲ್ಲಿ ‘ಮಲಬಾರ್ ಪ್ರಿನ್ಸೆಸ್’ ಕೈರೊ, ಜಿನೀವಾಗಳಲ್ಲಿ ಇಳಿದು ಲಂಡನ್ ಸೇರಿತು. 1960ರಲ್ಲಿ ಏರ್ ಇಂಡಿಯಾ ನ್ಯೂಯಾರ್ಕ್ ಮುಟ್ಟಿತು, ಲಂಡನ್ ಮೇಲೆ.

ಈ ಲೆಕ್ಕದ ಗೀಳು ನನಗೆ ಸುಮ್ಮನೆ ಹತ್ತಿದ್ದಲ್ಲ. ನನ್ನ ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಅವಳನ್ನು ಎತ್ತಿ ಆಡಿಸಿ ಬೆಳೆಸಿದವರು ನನ್ನ ಅಮ್ಮ. ಅಮ್ಮ ಹಂಗಳದ ಮನೆಯಲ್ಲಿ ಒಂದು ಮುಂಜಾನೆ ತೀರಿಕೊಂಡರು, 2016ರ ಮಾತು. ಫೋನು ಹೋದ ಕೂಡಲೇ ಮಗಳು ಹೊರಟಳು. ಎರಡು ಕಡೆ ವಿಮಾನ ಬದಲಿಸಬೇಕು. ಮೊದಲನೆಯದೇ ತಡವಾಗಿ ಎರಡನೆಯದು ತಪ್ಪಿತು. ನಾವು ಮರುದಿನ ಮಧ್ಯಾಹ್ನದವರೆಗೂ ಕಾದೆವು. ಆಮೇಲೆ ಹಿರಿಯರು, “ಇನ್ನು ಇಟ್ಕೊಳ್ಳೋದು ಬೇಡ ಕಣಮ್ಮ” ಅಂದರು. ಅವಳು ಬಂದದ್ದು ಮೂರನೆಯ ದಿನ, ಹಾಲು-ತುಪ್ಪಕ್ಕೆ. ಅಜ್ಜಿ ಮಲಗುತ್ತಿದ್ದ ಕೋಣೆಯ ಹೊಸ್ತಿಲಲ್ಲೇ ಚಪ್ಪಲಿಯನ್ನೂ ಬಿಡದೆ ಕೂತುಬಿಟ್ಟಳು. ಮಡಿ ಮೈಲಿಗೆ ಅನ್ನುವ ನಮ್ಮತ್ತೆಯೂ ಅಂದು ಬಾಯಿ ತೆರೆಯಲಿಲ್ಲ.

ಪತ್ರಿಕೆಯ ಅಂಚಿನಲ್ಲೇ ಕೂಡಿಸಿ ನೋಡಿದೆ. ಆಕಾಶದಲ್ಲಿ 17 ಗಂಟೆ, ದೇವನಹಳ್ಳಿಯಿಂದ ಮೈಸೂರು, ಗುಂಡ್ಲುಪೇಟೆ ಹಾದು ಹಂಗಳಕ್ಕೆ ಆರು. ಒಟ್ಟು 23. ಅಂದು ಇಂಥದ್ದೊಂದು ವಿಮಾನ ಇದ್ದು, ಹೊರಡುವ ಹೊತ್ತೂ ಕೂಡಿಬಂದಿದ್ದರೆ ಮಗಳು ಮುಖ ನೋಡುತ್ತಿದ್ದಳು. ಪತ್ರಿಕೆಯ ಆ ಹಾಳೆಯನ್ನು ಅವಳಿಗೆ ತೋರಿಸಿದೆ, ಲೆಕ್ಕ ಬರೆದಿದ್ದ ಅಂಚನ್ನು ಮಾತ್ರ ಮಡಿಸಿದ್ದೆ.