ಬಟನ್ ಎಲ್ಲಿ ಹೋಯ್ತು? ಟಚ್‌ಪ್ಯಾಡ್ ಹಿಂದಿನ ಒಂದು ಕೈನೋವಿನ ಕತೆ

ಹೋದ ವಾರ ಅಪ್ಪನ ಮುಂದೆ ಹೊಸ ಲ್ಯಾಪ್‌ಟಾಪ್ ಇಟ್ಟೆ. ಟಚ್‌ಪ್ಯಾಡನ್ನ ಆಚೆ ಈಚೆ ಸವರಿ ನೋಡಿ, "ಇದ್ರ ಬಟನ್ ಎಲ್ಲೋ?" ಅಂದ್ರು. ಬಟನ್ ಇಲ್ಲಪ್ಪ, ಎರಡು ಬೆರಳಿಟ್ಟು ಒತ್ತಿದ್ರೆ ರೈಟ್ ಕ್ಲಿಕ್ ಆಗುತ್ತೆ ಅಂದೆ. "ಅದನ್ನ ಎಲ್ಲಿ ಬರ್ದಿದಾರೆ?" ಅಂತ ಕೇಳಿದ್ರು. ಎಲ್ಲೂ ಬರೆದಿಲ್ಲ. ಇವತ್ತಿನ ಸಂಚಿಕೆ ಹುಟ್ಟಿದ್ದೇ ಆ ಪ್ರಶ್ನೆಯಿಂದ.

1991ರಲ್ಲಿ ಆಪಲ್‌ನ ಮೊದಲ ಪವರ್‌ಬುಕ್‌ಗಳು ಬಂದಾಗ ಕೀಬೋರ್ಡನ್ನು ಹಿಂದಕ್ಕೆ ತಳ್ಳಿ, ಮುಂದೆ ಅಂಗೈ ಊರಲು ಜಾಗ ಬಿಟ್ಟು, ನಡುವೆ ಒಂದು ಉಂಡೆ ಕೂರಿಸಿದ್ದರು. ಅದೇ ಟ್ರ್ಯಾಕ್‌ಬಾಲ್. ಹಳೇ ಮೌಸ್ ಹೊಟ್ಟೆಯಿಂದ ರಬ್ಬರ್ ಉಂಡೆ ತೆಗೆದು ಕೊಳೆ ಕೆರೆದವರಿಗೆ ಅದರ ಕಷ್ಟ ಗೊತ್ತು. 1994ರ ಪವರ್‌ಬುಕ್ 500 ಸರಣಿಯಲ್ಲಿ ಉಂಡೆ ಹೋಗಿ ಚಪ್ಪಟೆ ಪ್ಯಾಡ್ ಬಂತು. ಅದರ ಕೆಳಗೆ ತಂತಿಗಳ ಬಲೆಯಂಥ ಒಂದು ಏರ್ಪಾಡು. ಬೆರಳು ಹತ್ತಿರ ಬಂದರೆ ಅಲ್ಲಿನ ವಿದ್ಯುತ್ ಕ್ಷೇತ್ರ ಬದಲಾಗುತ್ತದೆ. ಪಾತ್ರೆ ತೊಳೆದ ಒದ್ದೆ ಕೈಯಲ್ಲಿ ಮುಟ್ಟಿದ್ರೆ ಕರ್ಸರ್ ಹುಚ್ಚೆದ್ದು ಕುಣಿಯೋದು ಇದಕ್ಕೇ. ಟಚ್‌ಪ್ಯಾಡ್‌ಗೆ ಹೆಸರಾದ ಸಿನಾಪ್ಟಿಕ್ಸ್ ಕಂಪನಿಯನ್ನು 1986ರಲ್ಲಿ ಕಟ್ಟಿದವರಲ್ಲಿ ಒಬ್ಬರು ಫೆಡೆರಿಕೊ ಫಾಜಿನ್, ಇಂಟೆಲ್‌ನ ಮೊದಲ ಮೈಕ್ರೊಪ್ರೊಸೆಸರ್ 4004ರ ವಿನ್ಯಾಸಕಾರ. ಅವರು ಹೊರಟಿದ್ದು ಮೆದುಳನ್ನು ಹೋಲುವ ಚಿಪ್ ಮಾಡೋಕೆ. ಇರಲಿ, ಅದೇ ಬೇರೆ ಸಂಚಿಕೆ.

ನನ್ನ ಮನಸ್ಸು ನಿಂತಿದ್ದು ಇನ್ನೊಬ್ಬರ ಮೇಲೆ: ವೇಯ್ನ್ ವೆಸ್ಟರ್‌ಮನ್. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಟೈಪ್ ಮಾಡೀ ಮಾಡೀ ಅವರ ಕೈ ಸೋತುಹೋಯಿತು. ಕೀಲಿ ಒತ್ತುವುದೇ ನೋವು. ಒತ್ತದೇ, ಬರೀ ಸವರಿ ಕೆಲಸ ಮಾಡೋಕಾಗಲ್ವಾ? 1999ರ ಅವರ ಪಿಎಚ್‌ಡಿ ಪ್ರಬಂಧ ಇದೇ ಪ್ರಶ್ನೆಯದು: ಒಂದು ಹಾಳೆಯಂಥ ಮೇಲ್ಮೈ ಮೇಲೆ ಹತ್ತೂ ಬೆರಳನ್ನು ಒಟ್ಟಿಗೆ ಗುರುತಿಸುವುದು ಹೇಗೆ. ದೀರ್ಘಕಾಲ ನೋವಿನೊಂದಿಗೆ ಬದುಕಿದ ತಾಯಿಗೆ ಅದನ್ನು ಅರ್ಪಿಸಿದ್ದಾರೆ.

ತಮ್ಮ ಪ್ರಾಧ್ಯಾಪಕ ಜಾನ್ ಇಲಿಯಾಸ್ ಜೊತೆ ಅವರು ಶುರು ಮಾಡಿದ ಕಂಪನಿ ಫಿಂಗರ್‌ವರ್ಕ್ಸ್. ಅವರ ಟಚ್‌ಸ್ಟ್ರೀಮ್ ಕೀಬೋರ್ಡ್‌ನಲ್ಲಿ ಅಲುಗಾಡುವ ಕೀಲಿಯೇ ಇರಲಿಲ್ಲ. ಬೆರಳು ಚಿವುಟಿದ್ರೆ ಕಟ್, ಹರಡಿದ್ರೆ ಪೇಸ್ಟ್. ಕೈನೋವಿದ್ದವರಿಗೆ ಅದು ಬರೀ ಆಟಿಕೆ ಆಗಿರಲಿಲ್ಲ, ಅವರ ನೌಕರಿ ಉಳಿಸಿದ ವಸ್ತು.

2005ರಲ್ಲಿ ಆಪಲ್ ಕಂಪನಿಯನ್ನೇ ಕೊಂಡಿತು. 2007ರಲ್ಲಿ ಐಫೋನ್ ಬಂತು. 2008ರ ಮ್ಯಾಕ್‌ಬುಕ್ ಏರ್‌ನಿಂದ ಚಿವುಟುವುದು, ತಿರುಗಿಸುವುದು ಲ್ಯಾಪ್‌ಟಾಪ್‌ಗೂ ಇಳಿಯಿತು. ಆದರೆ ಟಚ್‌ಸ್ಟ್ರೀಮ್ ತಯಾರಿಕೆ ನಿಂತೇಹೋಯಿತು. ಕೋಟ್ಯಂತರ ಜನರಿಗೆ ಹೊಸ ಸನ್ನೆ ಸಿಕ್ಕಿತು, ಯಾರ ನೋವಿಗಾಗಿ ಇದೆಲ್ಲ ಹುಟ್ಟಿತೋ ಅವರ ಕೀಬೋರ್ಡ್ ಹೋಯಿತು. ನನಗಂತೂ ಇದನ್ನ ಸಾಧನೆಯ ಕತೆ ಅಂತ ಮಾತ್ರ ಹೇಳೋಕೆ ಮನಸ್ಸು ಬರಲ್ಲ.

ಬಟನ್ ವಿಷಯಕ್ಕೆ ಬರ್ತೀನಿ. 2008ರ ಕೊನೆಗೆ ಮ್ಯಾಕ್‌ಬುಕ್‌ನಲ್ಲಿ ಇಡೀ ಗಾಜಿನ ಪ್ಯಾಡೇ ಬಟನ್ ಆಯಿತು. 2015ರಲ್ಲಿ ಅದೂ ಇಲ್ಲ: ಪ್ಯಾಡ್ ಕೆಳಕ್ಕೆ ಹೋಗುವುದೇ ಇಲ್ಲ, ಒಳಗಿನ ವಿದ್ಯುತ್ಕಾಂತ ತುಸು ಅದುರಿಸಿ "ಒತ್ತಿದೆ" ಅಂತ ಬೆರಳನ್ನು ನಂಬಿಸುತ್ತದೆ. ಕಂಪ್ಯೂಟರ್ ಆಫ್ ಮಾಡಿ ಒತ್ತಿ ನೋಡಿ, ಕಲ್ಲಿನ ಹಾಗಿರುತ್ತೆ.

ಮುಂದೇನು? ಮುಟ್ಟದೇ, ಗಾಳಿಯಲ್ಲೇ ಸನ್ನೆ ಮಾಡುವ ಕನಸು ಹಳೆಯದು. 2013ರಲ್ಲಿ ಲೀಪ್ ಮೋಷನ್ ಬಂತು, ಮನೆಮನೆಗೆ ತಲುಪಲಿಲ್ಲ. ಗೂಗಲ್ 2019ರ ಪಿಕ್ಸೆಲ್ 4 ಫೋನಿಗೆ ಪುಟ್ಟ ರೇಡಾರ್ ಹಾಕಿತು. ಅದಕ್ಕೆ ಬೇಕಾದ 60 ಗಿಗಾಹರ್ಟ್ಸ್ ತರಂಗಕ್ಕೆ ಇಲ್ಲಿ ಅನುಮತಿ ಇಲ್ಲದ್ದರಿಂದ ಆ ಫೋನ್ ಭಾರತಕ್ಕೆ ಬರಲೇ ಇಲ್ಲ. ಕೈ ಎತ್ತಿ ಹಿಡಿದರೆ ತೋಳು ಸೋಲುತ್ತೆ ಅನ್ನೋದು ಇನ್ನೊಂದು ತೊಡಕು. ಎಂಜಿನಿಯರ್‌ಗಳು ಅದನ್ನ 'ಗೊರಿಲ್ಲಾ ತೋಳು' ಅಂತಾರೆ. 2024ರ ವಿಷನ್ ಪ್ರೋದಲ್ಲಿ ಕೈ ತೊಡೆ ಮೇಲಿದ್ದರೂ ಸಾಕು. ಕಣ್ಣಲ್ಲಿ ನೋಡಿ ಬೆರಳು ಚಿವುಟಿದರೆ ಆಯಿತು. ಮತ್ತೆ ಅದೇ ಚಿವುಟು! ಆದರೂ ಅಂಗೈ ಊರಿ ಕೂರುವ ಸುಖ ಬಿಟ್ಟುಕೊಟ್ಟು ಟಚ್‌ಪ್ಯಾಡ್ ಬೇಗ ಹೋಗುತ್ತೆ ಅಂತ ನನಗನ್ನಿಸಲ್ಲ.

ಅಪ್ಪ? ಎರಡು ದಿನ ಪ್ರಯತ್ನ ಪಟ್ಟರು. ಈಗ ಹಳೇ ಮೌಸ್ ಸಿಗಿಸಿಕೊಂಡು ಕೂತಿದಾರೆ.